ಚಪ್ಪಲಿಗೊಂದು ಫ್ಯಾನು

ಕುಷಾಯಿಗೂಡದ ನಮ್ಮ ಮನೆಯ ಮೆಟ್ಟಿಲು ಕಟ್ಟಿಸಿದಾಗ ಕಾಂಕ್ರೀಟಿಗೆ ದಿನಾ ನೀರು ಹಾಕಿದವಳು ನಾನೇ. ಅದರ ಕೆಳಗೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ ಎಂಬುದು ನನಗೆ ಗೊತ್ತು. ಈಗ ಸೊಸೆ ವನಜಾ ಅಲ್ಲಿ ಗೋಡೆ ಎಬ್ಬಿಸಿ, ಬಾಗಿಲು ಇಡಿಸಿ, ಒಂದು ಕೋಣೆ ಮಾಡಿಸುತ್ತಿದ್ದಳು.

"ಏನ್ ಇಡ್ತೀರಿ ಅಲ್ಲಿ?" ಎಂದು ಮಗ ಶಿವಾನಂದನನ್ನು ಕೇಳಿದೆ.

ಮೊಬೈಲಿನಿಂದ ತಲೆ ಎತ್ತದೆ, "ಚಪ್ಪಲಿ, ಬೂಟು ಇಡಾಕ ಬೇ" ಎಂದ.

ಇರಬಹುದು ಅಂದುಕೊಂಡೆ. ಆದರೆ ಮೇಸ್ತ್ರಿ ಹುಲಗೇಶ ಪಡಸಾಲೆಗೆ ಬಂದು ನನ್ನ ಮಂಚದ ಉದ್ದವನ್ನು ಟೇಪು ಹಿಡಿದು ಅಳೆದುಕೊಂಡು ಹೋದ. ಮರುದಿನ ಆ ಕೋಣೆಯೊಳಗೆ ಗೋಡೆಗೆ ಸಣ್ಣ ಫ್ಯಾನು ಕೂರಿಸತೊಡಗಿದ.

"ಚಪ್ಪಲಿಗೂ ಸೆಕಿ ಆಗತೈತೇನಪಾ?" ಎಂದೆ.

ಅವನು ನಗಲು ಹೋಗಿ, ವನಜಾಳ ಮುಖ ನೋಡಿ ಮತ್ತೆ ಸ್ಕ್ರೂ ತಿರುಗಿಸತೊಡಗಿದ.

ನಾನು ಜಗಳ ಮಾಡಲಿಲ್ಲ. ಅಡುಗೆಮನೆಯಿಂದ ಎಲ್ಲಮ್ಮನ ಫೋಟೋ ತಂದೆ. "ಜಾಗಾ ಭಾಳ ಚಲೋ ಆಗೈತಿ ವನಜಾ. ದೇವರನ್ನ ಇಲ್ಲೇ ಇಡೂಣು."

"ಅಯ್ಯ ಅತ್ತಿ! ಮೆಟ್ಟಿಲ ಕೆಳಗ ಯಾರರ ದೇವರನ್ನ ಇಡ್ತಾರೇನ್ರಿ? ಮ್ಯಾಲೆ ಮಂದಿ ತುಳದಾಡ್ತಾರ."

"ಹೌದಲ್ಲ. ಮತ್ತ ನನ್ನ ತಲಿ ಮ್ಯಾಲೆ ತುಳದಾಡಿದ್ರ ನಡೀತೈತೇನವಾ?"

ವನಜಾ ಫೋಟೋ ತೆಗೆದುಕೊಂಡು ಒಳಗೆ ಹೋದಳು. ಸಂಜೆ ಶಿವಾನಂದ ಮನೆಯ ಚಪ್ಪಲಿಗಳನ್ನೆಲ್ಲ ತಂದು ಆ ಕೋಣೆಯಲ್ಲಿ ಜೋಡಿಸಿದ. ನನ್ನ ಮಂಚ ಪಡಸಾಲೆಯಲ್ಲೇ ಉಳಿಯಿತು.

ಆದರೆ ಫ್ಯಾನು ಇನ್ನೂ ಅಲ್ಲೇ ಇದೆ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಆ ಬಾಗಿಲು ತೆಗೆದು, ಚಪ್ಪಲಿಗಳು ಇವೆಯೋ ಇಲ್ಲವೋ ನೋಡಿ ಬರುತ್ತೇನೆ.