ವೇಯ್ಟಿಂಗ್ ಲಿಸ್ಟಿನವರ ಮನೆ

ಪಟ್ಟಿಯನ್ನು ಮೂರು ಹಾಳೆಗಳಲ್ಲಿ ಅಂಟಿಸಿದ್ದರು. ಮೊದಲ ಎರಡರಲ್ಲಿ ಹಾಸ್ಟೆಲ್ ಸಿಕ್ಕವರ ಹೆಸರು, ಮೂರನೆಯದರಲ್ಲಿ ಕಾಯಬೇಕಾದವರ ಹೆಸರು. ನಾಗಮಂಗಲದ ಇಫ್ಫತ್ ಮೂರನೆಯ ಹಾಳೆಯಲ್ಲಿ ನಲವತ್ತೊಂದನೆಯವಳಾಗಿದ್ದಳು. ಮೈಸೂರಿನ ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಾಗ ಅವಳ ಅಪ್ಪ, ಟೆಂಪೋ ಓಡಿಸುವ ಇಮಾಮ್, ಬೀದಿಗೆಲ್ಲ ಸಿಹಿ ಹಂಚಿದ್ದ. ತಲೆ ಇಡಲು ಜಾಗ ಸಿಗದೆ ಹೋದದ್ದು ಮಾತ್ರ ಯಾರಿಗೂ ಹೇಳುವ ಸುದ್ದಿಯಾಗಿರಲಿಲ್ಲ.

ಎರಡು ತಿಂಗಳು ಅವಳು ಬಸ್ಸಿನಲ್ಲೇ ಓಡಾಡಿದಳು. ಬೆಳಗ್ಗೆ ಐದೂ ಮುಕ್ಕಾಲಿಗೆ ನಾಗಮಂಗಲ ಬಿಟ್ಟರೆ ಜಕ್ಕನಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು. ಅಲ್ಲಿಂದ ಇನ್ನೊಂದು ಸಿಟಿ ಬಸ್ಸು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ನಿಜ. ಆದರೆ ದಿನಕ್ಕೆ ಐದು ಗಂಟೆ ರಸ್ತೆಯ ಪಾಲಾಗುತ್ತಿತ್ತು. ಸಂಜೆಯ ಬಸ್ಸು ತಪ್ಪಬಾರದೆಂದು ಲ್ಯಾಬಿನ ಕೊನೆಯ ಅರ್ಧ ಗಂಟೆಯನ್ನು ಬಿಟ್ಟು ಓಡಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ದ್ರಾವಣ ಹನಿಸುವ ಬ್ಯೂರೆಟ್ಟಿನ ಮುಂದೆ ನಿಂತಲ್ಲೇ ಅವಳಿಗೆ ಕಣ್ಣು ಮುಚ್ಚಿಹೋಯಿತು. ಪಕ್ಕದ ಹುಡುಗಿ ಕೈ ಚಾಚಿ ನಲ್ಲಿ ತಿರುಗಿಸದಿದ್ದರೆ ಇಡೀ ದಿನದ ಪ್ರಯೋಗ ಹಾಳಾಗುತ್ತಿತ್ತು.

ಆ ಹುಡುಗಿ ಹೇಮಶ್ರೀ. ಕೆ.ಆರ್. ಪೇಟೆ ತಾಲೂಕಿನ ಸಿಂಧಘಟ್ಟದವಳು, ಬೇಸಾಯದ ಮನೆಯ ಮಗಳು. ಅವಳದೂ ಮೂರನೆಯ ಹಾಳೆ, ಐವತ್ತೆಂಟನೆಯ ನಂಬರು.

“ಇಂಗೇ ಓಡಾಡ್ತಿದ್ರೆ ಎಂ.ಎಸ್ಸಿ. ಮುಗಿಯೋ ಹೊತ್ಗೆ ಇಬ್ರೂ ಕಂಡಕ್ಟರ್ ಆಗಿರ್ತೀವಿ ಕಣೇ” ಎಂದಳು ಹೇಮಶ್ರೀ.

ಕ್ಯಾಂಪಸ್ಸಿನ ಪಕ್ಕದ ಪಿ.ಜಿ.ಗಳನ್ನು ನೋಡಿ ಬಂದರು. ಒಂದು ಕೋಣೆಗೆ ನಾಲ್ಕು ಮಂಚ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಇಮಾಮ್ ಆ ಮಾತನ್ನೇ ಎತ್ತಗೊಡಲಿಲ್ಲ. ಗುರುತು ಪರಿಚಯವಿಲ್ಲದ ಊರಿನಲ್ಲಿ ಮಗಳನ್ನು ಬಿಡಲಾರೆ ಎಂದ. ಆಗ ಇಫ್ಫತ್‌ಗೆ ಶ್ರೀರಂಗಪಟ್ಟಣದ ಯೋಚನೆ ಬಂತು. ಅಲ್ಲಿಂದ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಮೈಸೂರು. ಇಬ್ಬರ ಊರಿನ ಬಸ್ಸುಗಳೂ ಅಲ್ಲಿಗೆ ಬರುತ್ತವೆ. ಮನೆಯವರಿಗೆ ದಿಗಿಲಾದರೆ ಒಂದು ಹೊತ್ತಿನಲ್ಲಿ ಬಂದು ನೋಡಿಕೊಂಡು ಹೋಗಬಹುದು.

ಒಂದು ಭಾನುವಾರ ಇಬ್ಬರೂ ಮನೆ ಹುಡುಕಲು ಹೊರಟರು. ಮೊದಲ ಮನೆಯವರು ಹೆಸರು ಕೇಳಿದ ಮೇಲೆ, ತಮ್ಮನ ಮಗ ಬರುವವನಿದ್ದಾನೆ ಎಂಬುದನ್ನು ನೆನಪಿಸಿಕೊಂಡರು. ಎರಡನೆಯ ಮನೆಯಾಕೆ ಹೇಮಶ್ರೀಯನ್ನು ಪಕ್ಕಕ್ಕೆ ಕರೆದು, ನೀನೊಬ್ಬಳೇ ಆದರೆ ಕೊಡ್ತೀನಿ ಎಂದರು. ಹೇಮಶ್ರೀ ಚಪ್ಪಲಿ ಮೆಟ್ಟಿಕೊಂಡಳು. ಮೂರನೆಯದು ಮುಸ್ಲಿಮರ ಬೀದಿ. ಅಲ್ಲಿನ ಹಿರಿಯರು ಹೇಮಶ್ರೀಯತ್ತ ನೋಡಿ, ನಾಳೆ ಈ ಹುಡುಗಿಯ ಕಡೆಯವರು ಬಂದು ಗಲಾಟೆ ಮಾಡಿದರೆ ಯಾರು ಹೊಣೆ ಎಂದು ಮೆತ್ತಗೆ ಬಾಗಿಲು ಹಾಕಿಕೊಂಡರು.

ನಾಲ್ಕನೆಯ ಮನೆ ಕೋಟೆ ಗೋಡೆಯ ಪಕ್ಕದ ಓಣಿಯಲ್ಲಿತ್ತು. ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ಅಂಗಳದಲ್ಲಿ ಚಿಕ್ಕಬೋರಮ್ಮ ಎಂಬ ಅರವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಹಸುವಿನ ಮೈ ತೊಳೆಯುತ್ತಿದ್ದರು. ಇವರ ಮಾತನ್ನೆಲ್ಲ ಕೇಳಿಸಿಕೊಂಡರು. ಯಾವ ಜಾತಿ ಎಂದು ಕೇಳಲಿಲ್ಲ.

“ಮನೆ ಖಾಲಿ ಅದೆ ಕಣವ್ವ. ಆದ್ರೆ ಬರೀ ಹೆಣ್ಮಕ್ಳಿಗೆ ನಾನು ಕೊಡಕ್ಕಿಲ್ಲ. ನಿಮ್ಗೆ ಜ್ವರ ಬಂದ್ರೆ, ಯಾವನಾರ ಇಂದೆ ಬಿದ್ರೆ, ನಾನು ಹಸ ನೋಡ್ಲಾ, ನಿಮ್ಮನ್ನ ನೋಡ್ಲಾ? ದೊಡ್ಡೋರು ಯಾರಾರ ಜೊತೇಲಿದ್ರೆ ಬನ್ನಿ.”

ಇಫ್ಫತ್ ಊರಿಗೆ ಹೋಗಿ ಊಟದ ಹೊತ್ತಿನಲ್ಲಿ ವಿಷಯ ತೆಗೆದಳು. ಇಮಾಮ್ ತಲೆ ಎತ್ತಲಿಲ್ಲ. “ಯಾರು ಹೋಗ್ತಾರೆ ಬೇಟಿ? ನಿನ್ನ ಅಮ್ಮಿ ಹೋದರೆ ಇಲ್ಲಿ ಮನೆ ನಡೆಯಲ್ಲ. ನನಗೆ ಟೆಂಪೋ ಇದೆ. ಒಂದು ವರ್ಷ ಬಿಟ್ಟು ಹಾಸ್ಟೆಲ್ ಸಿಕ್ಕಾಗ ಓದು.”

“ನಾನು ಹೋಗ್ತೀನಿ” ಎಂದರು ಮೂಲೆಯಲ್ಲಿ ಕುಳಿತಿದ್ದ ಅಸ್ಗರಿ ಬೇಗಂ.

ಅವರು ಇಮಾಮನ ತಾಯಿ, ಇಫ್ಫತ್‌ಳ ದಾದಿ, ಅಂದರೆ ಅಜ್ಜಿ. ಗಂಡ ಹೋದ ಮೇಲೆ ಮೂವತ್ತು ವರ್ಷ ಬಳೆಯ ಬುಟ್ಟಿ ಹೊತ್ತು ಬೆಳ್ಳೂರಿನವರೆಗೂ ಊರೂರು ತಿರುಗಿ ಮಕ್ಕಳನ್ನು ಸಾಕಿದವರು. ಮಂಡಿ ನೋವೆಂದು ಈಗ ಮಸೀದಿ ಬೀದಿಯ ಆಚೆ ಹೋಗುತ್ತಿರಲಿಲ್ಲ. ಇಮಾಮ್ ನಕ್ಕು ಮಾತು ತೇಲಿಸಲು ನೋಡಿದ. ಅವರು ನಗಲಿಲ್ಲ.

“ತಸ್ಲೀಮ್ ಹತ್ತನೇ ಕ್ಲಾಸು ಫಸ್ಟ್ ಕ್ಲಾಸಲ್ಲಿ ಪಾಸಾದಾಗ ಕಾಲೇಜು ದೂರ, ಬೇಡ ಅಂದವಳು ನಾನೇ. ನಿನ್ನ ತಂಗಿ ಮೂರು ದಿನ ಊಟ ಬಿಟ್ಟಳು, ನಾಲ್ಕನೇ ದಿನ ಸುಮ್ಮನಾದಳು. ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಅವಳು ಎತ್ತಿದ್ದರೆ ನನಗೆ ಇಷ್ಟು ಕಷ್ಟ ಆಗ್ತಿರಲಿಲ್ಲ.” ತಟ್ಟೆ ಸರಿಸಿ ಎದ್ದರು. “ನಾಳೆ ನನ್ನ ಟ್ರಂಕು ಇಳಿಸಿಕೊಡು.”

ಬಾಡಿಗೆಯ ಮಾತು ನಡೆದದ್ದು ಚಿಕ್ಕಬೋರಮ್ಮನ ಜಗಲಿಯ ಮೇಲೆ, ಇಬ್ಬರು ಅಜ್ಜಿಯರ ನಡುವೆ. ಹುಡುಗಿಯರನ್ನು ಬಾಯಿ ಹಾಕಗೊಡಲಿಲ್ಲ.

“ಸ್ವಾಮಾರ, ಶನಿವಾರ ಬಾಡು ಮಾಡಂಗಿಲ್ಲ, ಬೂಬಮ್ಮ” ಎಂದರು ಚಿಕ್ಕಬೋರಮ್ಮ.

“ಆಗ್ಲಿ. ಮಿಕ್ಕ ದಿನ ಮಾಂಸ ಮಾಡ್ದಾಗ ವಾಸ್ನೆ ಬಂತು ಅಂತ ನೀವು ಮಕ ಗಂಟಿಕ್ಕಂಗಿಲ್ಲ.”

“ನಾನ್ಯಾಕೆ ಮಕ ಗಂಟಿಕ್ಲಿ? ಒಂದು ಬಟ್ಲು ಕಳ್ಸು.”

“ಬೆಳಗ್ಗೆ ನಮಾಜಿಗೆ ನಾಲ್ಕೂವರೆಗೆ ಎದ್ದು ಲೈಟ್ ಹಾಕ್ತೀನಿ.”

“ನಾನು ನಾಲ್ಕಕ್ಕೇ ಎದ್ದು ಹಾಲು ಕರೀತೀನಿ. ನೀನು ಎದ್ದಿದ್ರೆ ಮಾತಾಡಕ್ಕೆ ಒಬ್ರು ಸಿಕ್ದಂಗಾಯ್ತು.”

ಹೇಮಶ್ರೀಯ ಅಪ್ಪ ಸಿಂಧಘಟ್ಟದಿಂದ ಒಂದು ಮೂಟೆ ಅಕ್ಕಿ, ಒಂದು ಮೂಟೆ ರಾಗಿ ತಂದು ಇಳಿಸಿ, ಅಸ್ಗರಿ ಬೇಗಂ ಮಾಡಿಕೊಟ್ಟ ಚಹಾ ಕುಡಿದು, “ಮಗು ನಿಮ್ಮ ಮಡ್ಲಿಗೆ ಆಕಿವ್ನಿ ಕಣಮ್ಮ” ಎಂದು ಹೇಳಿ ಹೋದ.

ಆ ಮನೆಯಲ್ಲಿ ಇಫ್ಫತ್ ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದಳು. ಬೆಳಗಿನ ಐದು ಗಂಟೆಗೆ ದಾದಿ ಇಬ್ಬರನ್ನೂ ಎಬ್ಬಿಸಿ ಕೂರಿಸುತ್ತಿದ್ದರು. ಕೊಟ್ಟಿಗೆಯ ಕಡೆಯಿಂದ ಹಾಲು ಬೀಳುವ ಸದ್ದು, ಇಲ್ಲಿ ಪುಟ ತಿರುಗಿಸುವ ಸದ್ದು. ಒಬ್ಬಳು ಓದಿದ್ದನ್ನು ಇನ್ನೊಬ್ಬಳಿಗೆ ಬಾಯಲ್ಲಿ ಹೇಳಬೇಕು, ಅದು ಅವರೇ ಮಾಡಿಕೊಂಡ ನಿಯಮ. ಎಂಟರ ರೈಲು, ಒಂಬತ್ತಕ್ಕೆ ಕ್ಯಾಂಪಸ್ಸು. ಸಂಜೆ ಲ್ಯಾಬಿನಲ್ಲಿ ಕೊನೆಯವರೆಗೂ ನಿಂತು, ಗಾಜಿನ ಸಾಮಾನು ತೊಳೆದಿಟ್ಟು ಬರುತ್ತಿದ್ದರು. ಮಂಡಿ ನೋವಿನ ಅಸ್ಗರಿ ಬೇಗಂ ಸ್ಟೇಷನ್ನಿನ ತನಕ ನಡೆದು ಬಂದು ಕಲ್ಲು ಬೆಂಚಿನ ಮೇಲೆ ಕಾಯುವುದನ್ನು ರೂಢಿ ಮಾಡಿಕೊಂಡರು. ಓಣಿಯ ಹೆಂಗಸರಿಗೆಲ್ಲ ಅವರ ಹೆಸರು ಗೊತ್ತಾಯಿತು.

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಪ್ರಾಯೋಗಿಕ ಪರೀಕ್ಷೆಯಲ್ಲಿ ಅರವತ್ತು ಜನರಲ್ಲಿ ಇಫ್ಫತ್ ಮೊದಲು, ಹೇಮಶ್ರೀ ಮೂರನೆಯವಳು. ಅದೇ ವಾರ ಹಾಸ್ಟೆಲಿನಿಂದ ಫೋನು ಬಂತು. ಕೆಲವರು ಬಿಟ್ಟು ಹೋಗಿದ್ದಾರೆ, ನಿನ್ನ ನಂಬರು ಬಂದಿದೆ, ಸೋಮವಾರದೊಳಗೆ ಬಂದು ಸೇರಿಕೊ ಎಂದರು. ಇಮಾಮನಿಗೆ ತಿಳಿಸಿದಾಗ ಅವನ ದನಿಯೇ ಹಗುರವಾಯಿತು. ಭಾನುವಾರ ಟೆಂಪೋ ತಂದು ದಾದಿಯನ್ನು ಊರಿಗೆ, ಸಾಮಾನನ್ನು ಹಾಸ್ಟೆಲಿಗೆ ಸಾಗಿಸುತ್ತೇನೆ ಎಂದ.

ಇಫ್ಫತ್ ಕೋಣೆ ನೋಡಲು ಹೋದಳು. ಹಾಸ್ಟೆಲಿನಲ್ಲಿ ಕೆಲಸ ಮಾಡುವ ಮಂಚಮ್ಮ ಬೀಗ ತೆಗೆದು ತೋರಿಸಿದರು. ಎರಡನೆಯ ಮಹಡಿ, ದೊಡ್ಡ ಕಿಟಕಿ, ಹೊರಗೆ ಮಳೆಮರದ ನೆರಳು, ಲೈಬ್ರರಿಗೆ ಐದು ನಿಮಿಷ. ಅವಳು ಮಂಚದ ಮೇಲೆ ಕುಳಿತು ನೋಡಿದಳು. ಕೋಣೆ ಚೆನ್ನಾಗಿತ್ತು. ಕುಂದು ಹುಡುಕಲು ಎಷ್ಟು ನೋಡಿದರೂ ಸಿಗಲಿಲ್ಲ.

ಕೆಳಗೆ ಪಟ್ಟಿಯ ಮುಂದೆ ಊಟದ ಚೀಲ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. “ನಲವತ್ತೊಂದು ನೀವೇನಾ? ನಾನು ಮಾನಸ, ಬೆಳ್ಳೂರಿನವಳು. ನಂದು ನಲವತ್ತೆರಡು. ನೀವು ಸೇರ್ತೀರೋ ಇಲ್ವೋ, ಅಷ್ಟು ಹೇಳಿ. ಇನ್ನು ಒಂದು ತಿಂಗಳು ಬಸ್ಸಲ್ಲಿ ಬರೋಕೆ ನನ್ನ ಕೈಲಿ ಆಗಲ್ಲ.”

ನಾಳೆ ಹೇಳುತ್ತೇನೆ ಎಂದಳು ಇಫ್ಫತ್. ಮಾನಸಳ ಕಣ್ಣ ಕೆಳಗಿನ ಕಪ್ಪು ಅವಳಿಗೆ ಚೆನ್ನಾಗಿ ಗುರುತಿತ್ತು.

ರೈಲಿನಲ್ಲಿ ಹೇಮಶ್ರೀ ತಾನಾಗಿಯೇ ಹೇಳಿದಳು: “ನನ್ನ ಮಕ ನೋಡ್ಕಂಡು ಬ್ಯಾಡ ಅನ್ಬೇಡ. ನಾನು ಎಂಗೋ ಮಾಡ್ಕತೀನಿ.” ಮನೆಯಲ್ಲಿ ಅಸ್ಗರಿ ಬೇಗಂ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಎಲ್ಲವನ್ನೂ ಕೇಳಿ, “ನಿನಗೆ ಅಲ್ಲಿ ಒಳ್ಳೇದು ಅನ್ನಿಸಿದ್ರೆ ಹೋಗು, ನಾನು ತಡೆಯಲ್ಲ. ಆದರೆ ನಾನು ಊರಿಗೆ ಹೋಗಲ್ಲ. ಹೇಮಶ್ರೀಯ ಅಪ್ಪನಿಗೆ ಮಾತು ಕೊಟ್ಟಿದ್ದೀನಿ” ಎಂದರು.

ಆ ಮಾತಿನಿಂದ ಇಫ್ಫತ್‌ಳ ಮನಸ್ಸಿನ ಮೇಲಿದ್ದ ಭಾರ ಇಳಿಯಿತು. ಅವಳು ಹೋದರೂ ಯಾರೂ ಬೀದಿಗೆ ಬೀಳುವುದಿಲ್ಲ. ಇದ್ದರೂ ಯಾರ ಋಣಕ್ಕೂ ಅಲ್ಲ. ಈಗ ತನಗೆ ಬೇಕಾದ್ದೇನು ಎಂದಷ್ಟೇ ಕೇಳಿಕೊಳ್ಳಬಹುದು. ಕೇಳಿಕೊಂಡಳು. ಹಾಸ್ಟೆಲಿನ ಕೋಣೆ ತಾನಾಗಿ ಸಿಕ್ಕದ್ದು. ಈ ಮನೆಯನ್ನು ನಾಲ್ಕು ಬಾಗಿಲು ತಟ್ಟಿ ತಾವೇ ಹುಡುಕಿದ್ದರು, ಇಲ್ಲೇ ಓದಿ ಮೊದಲಿಗಳಾಗಿದ್ದಳು. ಇಲ್ಲಿಂದ ಅವಳಿಗೆ ಎದ್ದು ಹೋಗಬೇಕೆನ್ನಿಸಲಿಲ್ಲ.

ಮರುದಿನ ಹಾಸ್ಟೆಲಿನ ಆಫೀಸಿನಲ್ಲಿ, ತನ್ನ ಸೀಟನ್ನು ನಲವತ್ತೆರಡನೆಯವಳಿಗೆ ಕೊಡಿ ಎಂದು ಬರೆದುಕೊಟ್ಟಳು. ಬಾಗಿಲ ಬಳಿ ಕಾದಿದ್ದ ಮಾನಸ ಅವಳ ಎರಡೂ ಕೈ ಹಿಡಿದುಕೊಂಡಳು. ಇಫ್ಫತ್ ಆಮೇಲೆ ಮೂರನೆಯ ಹಾಳೆಯ ಮುಂದೆ ನಿಂತು ಉಳಿದ ಹೆಸರುಗಳನ್ನು ಓದಿದಳು. ನಾಗಮಂಗಲದವಳು ಒಬ್ಬಳು, ಪಾಂಡವಪುರದವಳು ಒಬ್ಬಳು, ಹೇಮಶ್ರೀಯಲ್ಲದೆ ಕೆ.ಆರ್. ಪೇಟೆಯವರು ಇನ್ನಿಬ್ಬರು. ನಾಲ್ವರನ್ನೂ ಅವರವರ ವಿಭಾಗಗಳಲ್ಲಿ ವಿಚಾರಿಸಿ, ಕ್ಯಾಂಟೀನಿನಲ್ಲಿ ಕೂರಿಸಿ ಮಾತಾಡಿದಳು, ಅವರ ಮನೆಗಳಿಗೂ ಫೋನು ಮಾಡಿದಳು. ಸಂಜೆ ನೇರವಾಗಿ ಚಿಕ್ಕಬೋರಮ್ಮನ ಕೊಟ್ಟಿಗೆಗೆ ಹೋದಳು.

“ಅಜ್ಜಿ, ಮಹಡಿ ಮೇಲೆ ಹುಲ್ಲು ತುಂಬಿದ್ದೀರಲ್ಲ. ಅಲ್ಲಿ ಎರಡು ದೊಡ್ಡ ಕೋಣೆ ಇದೆ. ಹುಲ್ಲಿಗೆ ಹಿತ್ತಲಲ್ಲಿ ಶೆಡ್ ಹಾಕಿದ್ರೆ ನಾಲ್ಕು ಜನ ಇರಬಹುದು.”

ಚಿಕ್ಕಬೋರಮ್ಮ ಅವಳ ಮುಖ ನೋಡಿದರು, ಮಹಡಿ ನೋಡಿದರು, ಒಳಗಿದ್ದ ಮಗನನ್ನು ಕೂಗಿದರು. “ಲೇ ಚಿಕ್ಕಸ್ವಾಮಿ, ಇಂದ್ಗಡೆ ಓಣಿಲಿ ತಗಡು ಬಿದ್ದದಲ್ಲಾ, ಈಚ್ಗೆ ತಗಿ.”

ಭಾನುವಾರ ಇಮಾಮ್ ಖಾಲಿ ಟೆಂಪೋ ತಂದು ನಿಲ್ಲಿಸಿದಾಗ ಓಣಿಯಲ್ಲಿ ಹುಲ್ಲಿನ ಕಂತೆಗಳು ಮಹಡಿಯಿಂದ ಧೊಪ್ಪೆಂದು ಬೀಳುತ್ತಿದ್ದವು. ಮೇಲೆ ಆರು ಹುಡುಗಿಯರು ತಲೆಗೆ ಬಟ್ಟೆ ಕಟ್ಟಿಕೊಂಡು ಕೂಗಾಡುತ್ತಿದ್ದರು. ಇಫ್ಫತ್ ಕೂದಲಲ್ಲೆಲ್ಲ ಹುಲ್ಲು ಸಿಕ್ಕಿಸಿಕೊಂಡೇ ಇಳಿದು ಬಂದಳು.

“ಸಾಮಾನು ಕಟ್ಟಿಲ್ವಾ?” ಎಂದ ಇಮಾಮ್.

“ಇಲ್ಲ ಅಬ್ಬಾ. ನಾನು ಹಾಸ್ಟೆಲಿಗೆ ಹೋಗ್ತಿಲ್ಲ. ಮೊನ್ನೆಯೇ ಬರೆದುಕೊಟ್ಟೆ. ಬೈಯೋದಾದ್ರೆ ಬೈಯಿ, ಆದರೆ ಮೊದಲು ಮೇಲೆ ಬಂದು ನೋಡು.”

ಅವನಿಗೆ ಕೋಪ ಬಂದಿತ್ತು. ಕೇಳದೆ ತೀರ್ಮಾನ ಮಾಡಿದ್ದಕ್ಕೆ ಬಂದ ಕೋಪ. ಆದರೂ ಹತ್ತಿದ. ಗುಡಿಸಿದ ನೆಲ, ಮೂರು ಕಡೆ ಕಿಟಕಿ, ದೂರದಲ್ಲಿ ಹೊಳೆ. ಗೋಡೆಗೆ ಹೇಮಶ್ರೀ ಹಾಳೆಯೊಂದನ್ನು ಅಂಟಿಸಿದ್ದಳು. ಯಾರು ಯಾವ ದಿನ ಅಡುಗೆಗೆ, ಯಾರು ಯಾವ ವಿಷಯ ಹೇಳಿಕೊಡುವುದು ಎಂದು ಅದರಲ್ಲಿತ್ತು. ರಸಾಯನಶಾಸ್ತ್ರದ ಎದುರು ಅವನ ಮಗಳ ಹೆಸರಿತ್ತು. ನಾಗಮಂಗಲದ ಹುಡುಗಿಯ ತಂದೆ, ಇಮಾಮನಿಗೆ ಮಾರುಕಟ್ಟೆಯಲ್ಲಿ ಮುಖಪರಿಚಯವಿದ್ದ ದಾಸಯ್ಯ, ಅಲ್ಲೇ ನಿಂತಿದ್ದವನು ಕೈ ಮುಗಿದ. “ನಿಮ್ಮ ಮಗಳು ಪೋನ್ ಮಾಡ್ದಿದ್ರೆ ನಮ್ಮ ಮಗಿನ ಓದು ಈ ತಿಂಗ್ಳೇ ಬುಡುಸ್ಬುಡ್ತಿದ್ದೆ ಸಾಯಬ್ರೆ.”

ಇಮಾಮ್ ಎರಡೂ ಕೋಣೆಗಳ ಖಾಲಿ ನೆಲವನ್ನು ನೋಡಿದ. “ಮಂಚಗಳು ಎಲ್ಲಿವೆ?” ಎಂದು ಕೇಳಿದ.

“ಪಾಂಡವಪುರದಲ್ಲಿ. ಒಬ್ಬಳ ಮಾವನ ಮನೆಯಲ್ಲಿ ನಾಲ್ಕಿದೆಯಂತೆ. ತರೋಕೆ ಗಾಡಿ ಇರಲಿಲ್ಲ” ಎಂದಳು ಇಫ್ಫತ್.

“ಗಾಡಿ ಕೆಳಗೆ ನಿಂತಿದೆಯಲ್ಲ” ಎಂದು ಹೇಳಿ ಅವನು ಮೆಟ್ಟಿಲಿಳಿದ.

ಹೊತ್ತು ಇಳಿಯುವಷ್ಟರಲ್ಲಿ ನಾಲ್ಕು ಮಂಚಗಳೂ ಮಹಡಿ ಏರಿದವು. ಚಿಕ್ಕಬೋರಮ್ಮ ಎಲ್ಲರಿಗೂ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಹೊರಡುವಾಗ ಇಮಾಮ್ ತಾಯಿಯನ್ನು ಕೇಳಿದ: “ಅಮ್ಮಿ, ಈದ್‌ಗಾದರೂ ಊರಿಗೆ ಬರ್ತೀಯಾ?”

ಅಸ್ಗರಿ ಬೇಗಂ ಮೇಲಿನ ಕಿಟಕಿಗಳ ಕಡೆ ನೋಡಿದರು. ಅಲ್ಲಿ ಹುಡುಗಿಯರು ದೀಪ ಹಾಕಿ, ಯಾವ ಮಂಚ ಯಾರದೆಂದು ಜಗಳವಾಡುತ್ತಿದ್ದರು.

“ಆಗ ಇವರಿಗೆ ಪರೀಕ್ಷೆ ಇರುತ್ತೆ” ಎಂದರು. “ನೀವೇ ಎಲ್ಲರೂ ಇಲ್ಲಿಗೆ ಬನ್ನಿ. ತಸ್ಲೀಮಳನ್ನೂ ಕರ್ಕೊಂಡು ಬಾ. ಅವಳಿಗೆ ಈ ಮನೆ ತೋರಿಸಬೇಕು.”