ಹೂಂ ಅಂದ ಅಪ್ಪ

ಅಂಬುಜತ್ತೆ ಕತೆ ಹೇಳುವಾಗ ನಡುನಡುವೆ ತೋರುಬೆರಳೆತ್ತಿ ನಿಲ್ಲಿಸುತ್ತಿದ್ದಳು. ಕೇಳುವವರು "ಹೂಂ" ಅಂದರಷ್ಟೇ ಬೆರಳು ಇಳಿಯುತ್ತಿತ್ತು, ಕತೆ ಮುಂದೆ ಸಾಗುತ್ತಿತ್ತು. ಹೂಂಗುಟ್ಟದವರಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂಬುದು ಅವಳ ಹಟ. ಅವಳ ತಮ್ಮ ಶೇಷು, ಅಂದರೆ ನನ್ನ ಅಪ್ಪ, ಆ ಬೆರಳು ನೋಡಿಕೊಂಡೇ ಬೆಳೆದವನು.

ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತು. ಕಣ್ಣು ತೆರೆದಿದ್ದರೂ ಯಾರ ಕಡೆಗೂ ತಿರುಗುತ್ತಿರಲಿಲ್ಲ. ಒಳಗೆ ಅಪ್ಪ ಇದ್ದಾನೋ ಇಲ್ಲವೋ ಎಂಬುದೊಂದೇ ನಮ್ಮನ್ನು ಕೊರೆಯುತ್ತಿತ್ತು. ಅತ್ತೆ ಮಂಚದ ಬಳಿ ಕೂತು, ಬೆಕ್ಕಿಗೆ ಹೆದರಿದ ದೊರೆಯ ಕತೆ ಶುರುಮಾಡಿದಳು. ಬೆರಳೆತ್ತಿ ಕಾದಳು. ಹೂಂ ಬರಲಿಲ್ಲ. ಎದ್ದುಹೋದವಳು ಎಷ್ಟೋ ದಿನ ಕತೆಯ ಸುದ್ದಿಗೇ ಬರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಅಪ್ಪನನ್ನು ಮಲಗಿಸಿ, ಯಾರೋ ಓದಿದ ಕತೆಯನ್ನು ಕೇಳಿಸಿದರು.

"ಸದ್ದು ತಲುಪುತ್ತಿದೆ. ಆದರೆ ಕತೆಯನ್ನು ಹಿಡಿಯುವ ಭಾಗಗಳು ಎಚ್ಚರವಾಗುತ್ತಿಲ್ಲ," ಎಂದರು.

"ಯಾರ್ಯಾರದೋ ಕತೆಗೆ ಅವನು ಯಾಕೆ ಎಚ್ಚರವಾಗಬೇಕು? ನನ್ನದನ್ನು ಹಾಕಿ," ಎಂದಳು ಅತ್ತೆ.

ಅದೇ ದೊರೆಯ ಕತೆಯನ್ನು ರೆಕಾರ್ಡ್ ಮಾಡಿಕೊಂಡ ಆಸ್ಪತ್ರೆಯ ಹುಡುಗ ಗೊಣಗಿದ: "ಅಮ್ಮಾ, ನಡುನಡುವೆ ಸುಮ್ಮನಾಗಿಬಿಟ್ಟಿದ್ದೀರಿ. ಅಷ್ಟನ್ನು ಕತ್ತರಿಸಿಬಿಡಲೇ?"

"ಕತ್ತರಿಸಿದರೆ ನಮ್ಮ ಶೇಷು ಹೂಂ ಅನ್ನುವುದೆಲ್ಲಿ?"

ಅವನು ನಕ್ಕು ಹಾಗೇ ಬಿಟ್ಟ.

ಮತ್ತೊಮ್ಮೆ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಪರದೆಯ ಮುಂದೆ ಕೂರಿಸಿದರು. "ಈ ಸಲ ಕತೆ ಒಳಗಿಳಿದಿದೆ. ಇನ್ನೊಂದು ನೋಡಿ. ನೀವು ಸುಮ್ಮನಾದಾಗ ಅವರ ಮೆದುಳೂ ತಣ್ಣಗಾಗಬೇಕಿತ್ತು. ಆದರೆ ನೀವು ನಿಲ್ಲಿಸಿದ ಕಡೆಯಲ್ಲೆಲ್ಲ ಮಾತಾಡಲು ಅಣಿಯಾಗುವ ಭಾಗ ಬೆಳಗಿದೆ. ಅವರು ಏನೋ ಹೇಳಲು ಹೊರಟಿದ್ದಾರೆ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಸೆರಗು ಸರಿಮಾಡಿಕೊಂಡು, ಆಚೆ ಕೋಣೆಯವರಿಗೂ ಕೇಳುವಂತೆ, "ನಾನು ಬೆಳೆಸಿದ ಹುಡುಗ. ಬಾಯಿ ಬಿದ್ದುಹೋದರೂ ಹೂಂ ಬಿಟ್ಟಿಲ್ಲ," ಎಂದಳು. ಅಂಥ ಅಪ್ಪನ ಮಗಳು, ಇಂಥ ಅತ್ತೆಯ ಸೋದರಸೊಸೆ ನಾನು ಎಂದು ನನಗೂ ಎದೆಯುಬ್ಬಿ ಬಂತು.

ಆ ಸಂಜೆ ಅವಳು ಅಪ್ಪನ ಮಂಚದ ಬಳಿ ಕೂತು, ಅರ್ಧಕ್ಕೆ ಬಿಟ್ಟಿದ್ದ ಕತೆಯನ್ನು ಮತ್ತೆ ಎತ್ತಿಕೊಂಡಳು. ದೊರೆ ಕದದ ಹಿಂದೆ ಅಡಗುವಲ್ಲಿಗೆ ಬಂದಾಗ ಬೆರಳೆತ್ತಿದಳು. ಕೋಣೆಯಲ್ಲಿ ಸದ್ದಿಲ್ಲ. ಅಪ್ಪನ ಪರವಾಗಿ ಹೂಂ ಎನ್ನಲು ನಾನು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಗದರಿಸಿದಳು. ತಮ್ಮನ ಮುಖವನ್ನೇ ನೋಡುತ್ತ, ಒಂದು ಹೂಂ ಅನ್ನುವಷ್ಟು ಹೊತ್ತು ಕಾದು, ಬೆರಳಿಳಿಸಿ ಕತೆ ಮುಂದುವರಿಸಿದಳು.