ಭಾರದ ಉಣ್ಣೆ

ಸಹೃದಯ ಓದುಗರೇ, ನಮ್ಮ ಓಬನ್ ಬಂದರಿನ ನವೆಂಬರ್ ಬೆಳಕನ್ನು ಬೆಳಕೆಂದು ಕರೆಯಲು ನನಗೆ ನಾಲಿಗೆಯೇ ಬಾರದು! ದಿನವಿಡೀ ದುಡಿದ ಹೆಂಗಸು ಒಲೆಯ ಮುಂದೆ ಕುಳಿತಲ್ಲೇ ತೂಕಡಿಸುವಂತೆ, ಮಧ್ಯಾಹ್ನ ಕಳೆಯುವ ಮುನ್ನವೇ ಕಣ್ಣೆಳೆಯುವ ಆ ಕ್ಷೀಣಕಾಂತಿಯ ಸೂರ್ಯ, ಕೊಲ್ಲಿಯ ಬೂದುನೀರಿನ ಮೇಲೆ, ಒದ್ದೆ ಮಾಡುಗಳ ಮೇಲೆ, ಗೆಡ್ಡಿಸಮ್ಮನ ಹೊಲಿಗೆಯಂಗಡಿಯ ಗಾಜಿನ ಮೇಲೆ ಒಂದಿಷ್ಟು ಮಂಕುಹೊನ್ನನ್ನು ಉದಾಸೀನದಿಂದ ಚೆಲ್ಲಿ ಹೊರಟುಹೋಗುತ್ತಾನೆ... ಅಂಥದೊಂದು ಮಧ್ಯಾಹ್ನ ಫಾರ್ಕರ್ ಮತ್ತು ಇಶ್‌ಬೆಲ್, ತಮ್ಮ ಮದುವೆಗೆ ಅವನು ಉಡಬೇಕಾದ ಕಿಲ್ಟಿಗೆ, ಅಂದರೆ ಗಂಡಸರ ನೆರಿಗೆಯ ಉಣ್ಣೆಲಂಗಕ್ಕೆ, ಬಟ್ಟೆ ಆರಿಸಲು ಆ ಅಂಗಡಿಯ ಮೆಟ್ಟಿಲೇರಿದರು.

ತಾರುಣ್ಯದಲ್ಲೇ ಆಗಬೇಕಿದ್ದ ಮದುವೆ ಅದು. ಇಶ್‌ಬೆಲ್‌ಳ ತಾಯಿ ಹಾಸಿಗೆ ಹಿಡಿದಳು. ಮಗಳು ಆ ಹಾಸಿಗೆ ಬಿಟ್ಟು ಕದಲಲಿಲ್ಲ. ಫಾರ್ಕರ್ ದ್ವೀಪಗಳಿಗೆ ಹೋಗುವ ಹಡಗಿನಲ್ಲಿ ಹಗ್ಗ ಎಳೆಯುತ್ತ ಕಾದ. ಕಾದೂ ಕಾದೂ ಇಬ್ಬರ ತಲೆಯೂ ನರೆಯಿತು. ಈ ವಸಂತದಲ್ಲಿ ಮುದುಕಿ ತೀರಿಕೊಂಡಾಗ, ಬಿಡುಗಡೆಯಾದ ಇಬ್ಬರಿಗೂ ಸಂತೋಷಪಡುವಷ್ಟು ತ್ರಾಣವೇ ಉಳಿದಿರಲಿಲ್ಲ.

ಒಂದು ದಿನದ ಮಾತಿಗೆ ಬಾಡಿಗೆಯ ಕಿಲ್ಟ್ ಸಾಕೆಂದು ಫಾರ್ಕರ್ ಗೊಣಗಿದ್ದುಂಟು. ಇಶ್‌ಬೆಲ್ ಒಪ್ಪಲಿಲ್ಲ. ನಮ್ಮ ಕಡೆ ಗಂಡಸು ಕಿಲ್ಟ್ ಹೊಲಿಸುವುದು ಒಮ್ಮೆ; ಎಲ್ಲ ಸಂಭ್ರಮಕ್ಕೂ ಅದನ್ನೇ ಉಟ್ಟು, ಕೊನೆಗೆ ಅದರಲ್ಲೇ ಮಣ್ಣಿಗೆ ಹೋಗುತ್ತಾನೆ. ವಾದಿಸುವುದೂ ಆಯಾಸವೆನಿಸಿ ಅವನು ಒಪ್ಪಿಕೊಂಡಿದ್ದ.

ಇಲ್ಲಿ ಒಂದೊಂದು ಮನೆತನಕ್ಕೂ ಅದರದೇ ಚೌಕಳಿಯುಂಟು; ಗೆಡ್ಡಿಸಮ್ಮ ಅವನ ಮನೆತನದ್ದನ್ನು ಎರಡು ಛಾಯೆಗಳಲ್ಲಿ ಹರಡಿದಳು. ಒಂದು ಕಣ್ಣು ಕುಕ್ಕುವ ಹಸಿರು, ಕೆಂಪು. ಇನ್ನೊಂದು ಹೊಸದಾಗಿ ನೇಯ್ದದ್ದೇ, ಆದರೂ ಜೌಗುಮಣ್ಣಲ್ಲಿ ಬಹುಕಾಲ ಹೂತಿಟ್ಟು ಹೊರತೆಗೆದಂಥ ಕಂದು, ಬೂದಿ. ಇಬ್ಬರ ಬೆರಳೂ ಒಟ್ಟಿಗೇ ಆ ಮಾಸಲಿನ ಮೇಲೆ ಬಿದ್ದವು! ನಮಗೆ ತಕ್ಕ ಬಣ್ಣವೇ ಬಿಡು ಎಂದು ಇಶ್‌ಬೆಲ್ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ಕೇಳಿ ಫಾರ್ಕರ್‌ನ ಎದೆ ತುಂಬಿಬಂತು.

ಆಮೇಲೆ ಬಂತು ತೂಕದ ಪ್ರಶ್ನೆ. ಭಾರದ ಉಣ್ಣೆಯಾದರೆ ನೆರಿಗೆ ನೆಟ್ಟಗೆ ನಿಲ್ಲುತ್ತದೆ, ಕಡಲಗಾಳಿಗೂ ಏಳುವುದಿಲ್ಲ, ಜೀವಮಾನವೆಲ್ಲ ಬರುತ್ತದೆ. ತೆಳುವಾದದ್ದು ಸೊಂಟಕ್ಕೆ ಹಗುರ, ಆದರೆ ಬೇಗ ಸವೆಯುತ್ತದೆ ಎಂದಳು ಗೆಡ್ಡಿಸಮ್ಮ.

"ತೆಳುವೇ ಸಾಕು," ಅಂದ ಫಾರ್ಕರ್. "ಇನ್ನೆಷ್ಟು ದಿನ ಉಡ್ತೀನಿ ನಾನು?"

ಇಶ್‌ಬೆಲ್ ಬಟ್ಟೆಯ ಮೇಲಿಂದ ಕೈ ತೆಗೆದಳು. ಮೆಲ್ಲಗೆ ಕೈಗವಸು ತೊಟ್ಟುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ದಣಿವು...

"ನಿನಗೂ ಬದುಕು ಸಾಕಾಗಿದ್ರೆ ಹೇಳ್ಬಿಡು. ಅಮ್ಮನ ಪಕ್ಕ ಕೂತು ದಿನ ಎಣಿಸಿದ್ದಾಯ್ತು. ನಿನ್ನ ಪಕ್ಕನೂ ಕೂತು ಎಣಿಸೋಕೆ ನನ್ನ ಕೈಲಿ ಆಗಲ್ಲ ಫಾರ್ಕರ್."

ಅವಳ ಬೆನ್ನ ಮೇಲೆ ತಾನೂ ಇನ್ನೊಂದು ಹೊರೆಯಾದೇನೆಂಬ ಅಂಜಿಕೆಯಿಂದಲೇ ಅಲ್ಲವೇ ಆ ಪಾಪದವನು ಆ ಮಾತಾಡಿದ್ದು! ಅಷ್ಟನ್ನು ಬಿಡಿಸಿ ಹೇಳುವ ಚಾತುರ್ಯ ಅವನಿಗೆಲ್ಲಿಯದು? ಭಾರದ ಉಣ್ಣೆಯ ಥಾನನ್ನು ಎರಡು ಕೈಯಲ್ಲೂ ಎತ್ತಿ ಗೆಡ್ಡಿಸಮ್ಮನ ಮುಂದಿಟ್ಟ.

"ಇದೇ ಹೊಲೀರಿ ಗೆಡ್ಡಿಸಮ್ಮ. ಒಳಗಡೆ ಬಟ್ಟೆ ಜಾಸ್ತಿ ಬಿಡಿ. ಇವಳ ಕೈಯಡುಗೆ ತಿಂದು ಸೊಂಟ ಬೆಳೆದ್ರೆ, ಮುಂದೆ ಬಿಚ್ಚಿ ಹೊಲಿಯೋ ಹಾಗಿರ್ಲಿ."

ಇಶ್‌ಬೆಲ್ ಅವನತ್ತ ತಿರುಗಿದಳು.

"ಇಷ್ಟು ವರ್ಷ ಗಂಜಿ ಬಿಟ್ಟು ಬೇರೆ ಏನೂ ಬೇಯಿಸಿಲ್ಲ ನಾನು."

"ಗಂಜೀನೇ ತಿಂತೀನಿ. ದಪ್ಪ ಆಗೋಕೆ ಸ್ವಲ್ಪ ಜಾಸ್ತಿ ವರ್ಷ ಹಿಡಿಯುತ್ತೆ, ಅಷ್ಟೇ."

ಅವಳು ಕೈಗವಸು ಕಳಚಿದಳು. ಗೆಡ್ಡಿಸಮ್ಮ ಅವನ ಸೊಂಟಕ್ಕೆ ಅಳತೆಪಟ್ಟಿ ಸುತ್ತಿದಾಗ, ಅದರ ಇನ್ನೊಂದು ತುದಿ ಹಿಡಿದುಕೊಂಡವಳು ಇಶ್‌ಬೆಲ್. ಹಿಡಿದು, ಕೊಂಚ ಸಡಿಲ ಬಿಟ್ಟಳು.

ಎಳೆಯರ ಪ್ರೇಮಕ್ಕೆ ಆಣೆಪ್ರಮಾಣಗಳ ವೈಭವವುಂಟು, ಓದುಗರೇ... ದಣಿದವರ ಪ್ರೇಮ ಅಷ್ಟೆಲ್ಲ ಮಾತಾಡಲಾರದು. ಇನ್ನೂ ಬಾರದ ವರುಷಗಳಿಗೆಂದು ಅದು ಒಳಮಡಿಕೆಯಲ್ಲಿ ಒಂದಿಷ್ಟು ಬಟ್ಟೆ ಬಿಟ್ಟುಕೊಳ್ಳುತ್ತದೆ.